ಪ್ಲಗ್ಗಮ್ಮನ ಗುಡುಗು

ಬ್ಯಾಂಡ್ ಮಾಸ್ತರು ಆ ಮೇಲಿನ ಸ್ವರವನ್ನು ಮುಟ್ಟಿದ ಕ್ಷಣಕ್ಕೆ ಸರಿಯಾಗಿ ಸಿಡಿಲು ಬಿದ್ದದ್ದರಿಂದ, ಆಕಾಶ ಒಡೆದದ್ದು ತಮ್ಮ ತುತ್ತೂರಿಗೇ ಎಂದು ಅವರಿಗೆ ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಮೂವತ್ತು ವರ್ಷ ಬೆನ್ನಟ್ಟಿದ ಸ್ವರ ಅದು. ಪ್ರತಿ ಸಲವೂ ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ಕೈಜಾರಿದ ಮಡಕೆಯ ಹಾಗೆ ಚೂರಾಗುತ್ತಿದ್ದದ್ದು, ಈ ವರ್ಷ ಮಾತ್ರ ಸಾಕಿದ ಪಾರಿವಾಳದಂತೆ ಬಂದು ತುಟಿಯ ಮೇಲೆ ಕೂರುತ್ತಿತ್ತು. ಅದು ಕೂತಿರುವಾಗ ಮಾಸ್ತರು ಕಣ್ಣು ಬಿಡುತ್ತಿರಲಿಲ್ಲ. ಅವತ್ತು ಬಿಟ್ಟಾಗ ಟಿ.ವಿ.ಯ ಬೆನ್ನಿನಿಂದ ಹೊಗೆ ಏಳುತ್ತಿತ್ತು. ಫ್ರಿಜ್ಜು ಒಂದು ಸಲ ಬಿಕ್ಕಳಿಸಿ ಸುಮ್ಮನಾಯಿತು. ಗೋಡೆಯ ಪ್ಲಗ್ಗಿನ ಸುತ್ತ ಯಾರೋ ಅಂಗೈಯಗಲ ಮಸಿ ಬಳಿದಂತಿತ್ತು.

ಸಿಡಿಲೆಂದರೆ ಅಂತಿಂಥ ಸಿಡಿಲಲ್ಲ. ಆ ಬೆಳಕಿಗೆ ಬೀದಿಯ ಕುರುಡು ನಾಯಿಯೂ ಕಣ್ಣುಜ್ಜಿಕೊಂಡಿತು. ಆ ಸದ್ದಿಗೆ, ಗೋಡೆಯ ಮೇಲೆ ಎಂದೋ ನಿಂತುಹೋಗಿದ್ದ ಗಡಿಯಾರ ಗಾಬರಿಯಿಂದ ನಾಲ್ಕು ಹೆಜ್ಜೆ ಓಡಿ ಮತ್ತೆ ನಿಂತಿತು. ಹಲಗೆ ಹಾಸಿದ ನೆಲ ದೋಣಿಯ ಹಾಗೆ ಹೊಯ್ದಾಡಿತು. ಹೂಳಿದ ಹೆಣ ಎದ್ದು ಕೂತು "ಯಾರಪ್ಪಾ ಅದು?" ಎಂದು ಕೇಳುವಂಥ ಸದ್ದು.

ಮಾಸ್ತರು ತುತ್ತೂರಿ ಹಿಡಿದುಕೊಂಡೇ ಅಡಿಗೆಮನೆಗೆ ಓಡಿದರು. ಹೆಂಡತಿ ಬಾಗಿಲಿಗೆ ಬೆನ್ನು ಮಾಡಿ, ಕಿಟಕಿಯ ಪರದೆ ಎಳೆದುಕೊಂಡು, ಮಣೆಯ ಮುಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದಳು. ಕಣ್ಣಲ್ಲಿ ನೀರು ಧಾರಾಕಾರ. ಗೋಡೆಯ ಮೇಲಿನ ತಟ್ಟೆಗಳು ಇನ್ನೂ ನಡುಗುತ್ತಿದ್ದವು.

"ಲೇ!" ಎಂದರು ಮಾಸ್ತರು. "ಲೇ, ಇವಳೇ! ಎಲ್ಲಾ ಸುಟ್ಟೋಯ್ತು ಕಣೇ!"

ಅವಳು ಇನ್ನೊಂದು ಈರುಳ್ಳಿ ಎತ್ತಿಕೊಂಡು ಅದರ ಸಿಪ್ಪೆ ಬಿಡಿಸತೊಡಗಿದಳು.

ಬೇರೆ ಯಾರಾದರೂ ಆಗಿದ್ದರೆ ಮಾತು ಬೇರೆ. ಇವಳು ಪ್ಲಗ್ಗಮ್ಮ. ಮೋಡಕ್ಕೇ ಗೊತ್ತಿರದ ಗುಡುಗು ಇವಳಿಗೆ ಗೊತ್ತಿರುತ್ತದೆ ಎಂದು ಆ ಮೂರು ಮಹಡಿಯ ಕಟ್ಟಡಕ್ಕೆ ಕಟ್ಟಡವೇ ನಂಬಿತ್ತು. ಇವಳ ತವರಿನಲ್ಲಿ, ಇವಳು ಲಂಗ ಹಾಕುವ ಕಾಲದಲ್ಲಿ, ರೇಡಿಯೋಗೆ ಸಿಡಿಲು ಹೊಡೆದಿತ್ತಂತೆ. ಆ ರೇಡಿಯೋ ಬೂದಿಯಾದ ಮೇಲೂ ಸಂಜೆಯವರೆಗೆ ವಾರ್ತೆ ಓದುತ್ತಿತ್ತು ಎಂದು ಮಾಸ್ತರು ಹೇಳುವುದುಂಟು. ಅಂದಿನಿಂದ ಇವಳ ಕಿವಿ ಆಕಾಶಕ್ಕೆ ಅಂಟಿಕೊಂಡಿತು. ಊರಾಚೆ ಎಲ್ಲೋ ಮೊದಲ ಗುಡುಗು ಗುರ್ ಎನ್ನುವ ಮೊದಲೇ, ಸೌಟು ಹಿಡಿದ ಕೈಯಲ್ಲೇ ಮೆಟ್ಟಿಲ ತಲೆಗೆ ಬಂದು ನಿಂತು, "ಎಳೀರಿ!" ಎಂದು ಒಂದು ಕೂಗು ಹಾಕುತ್ತಿದ್ದಳು. ಅಷ್ಟೇ. ನಡುಮಹಡಿಯ ಕಂಪೌಂಡರು ಉಣ್ಣುವ ಕೈಯಲ್ಲೇ ಎದ್ದು ಫ್ರಿಜ್ಜಿನ ಪ್ಲಗ್ಗು ಎಳೆಯುವರು. ಕೆಳಗಿನ ದರ್ಜಿ ಅರ್ಧ ತೋಳು ಹೊಲಿದಲ್ಲಿಗೇ ಬಿಟ್ಟು ಹೊಲಿಗೆ ಯಂತ್ರದ್ದನ್ನು ಎಳೆಯುವನು. ಟಿ.ವಿ.ಯ ಹಿಂದಿನ ಕೇಬಲ್ಲೂ ಕಳಚಬೇಕು, ಅದು ಸಿಡಿಲಿನ ಕಳ್ಳದಾರಿ. ಯಾರಾದರೂ "ಸ್ವಿಚ್ ಆಫ್ ಮಾಡಿದೀನಲ್ಲಕ್ಕಾ" ಎಂದರೆ ಮುಗಿಯಿತು.

"ಸ್ವಿಚ್ಚಿನ ಒಳಗೆ ಸಂದು ಎಷ್ಟಿರುತ್ತೆ? ಕಡಲೆಬೇಳೆಯಷ್ಟು. ಅಷ್ಟು ಮೇಲಿಂದ ಹಾರ್ಕೊಂಡು ಬಂದಿರೋದು, ಕಡಲೆಬೇಳೆ ದಾಟೋಕೆ ನಿನ್ನ ಅಪ್ಪಣೆ ಕೇಳುತ್ತಾ? ಎಳೀಬೇಕು. ಮೊದಲ್ನೇ ಗುಡುಗಿಗೇ ಎಳೀಬೇಕು. ತಲೆ ಮೇಲೆ ಬಂದ್ಮೇಲೆ ಪ್ಲಗ್ಗು ಮುಟ್ಟೋನು ಮೂರ್ಖ."

ಅವತ್ತಿನವರೆಗೆ ಕಟ್ಟಡದಲ್ಲಿ ಒಂದು ಬಲ್ಬೂ ಸಿಡಿಲಿಗೆ ಸತ್ತಿರಲಿಲ್ಲ. ಸುತ್ತಲಿನ ಬೀದಿಗಳಲ್ಲಿ ಸುಟ್ಟ ಟಿ.ವಿ.ಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನಿಗೆ ಏಣಿಯಾಗುತ್ತಿತ್ತು. ಈ ಕಟ್ಟಡದಲ್ಲಿ ಮಾತ್ರ ಮುದುಕಿಯರ ಹಾಗೆ ಟಿ.ವಿ.ಗಳು ವಯಸ್ಸಾಗಿಯೇ ಸಾಯುತ್ತಿದ್ದವು. ಕಡೆಕಡೆಗೆ ಜನ ತಮ್ಮ ಕಿವಿಯನ್ನು ನಂಬುವುದನ್ನೇ ಬಿಟ್ಟಿದ್ದರು. ಪ್ಲಗ್ಗಮ್ಮ ಕೂಗಿದರೆ ಗುಡುಗು. ಕೂಗದಿದ್ದರೆ ಯಾರೋ ಎಲ್ಲೋ ಡ್ರಮ್ಮು ಉರುಳಿಸಿದ್ದು.

ಆ ಪ್ಲಗ್ಗಮ್ಮ ಈಗ ಮೂಗು ಅರಳಿಸಿದಳು. ಹೊಗೆಯ ವಾಸನೆ. ತಿರುಗಿ, ಬಾಗಿಲಲ್ಲಿ ನಿಂತಿದ್ದ ಗಂಡನ ಮುಖ ನೋಡಿದಳು, ಅವರ ಹಿಂದೆ ತೇಲಿ ಬರುತ್ತಿದ್ದ ಹೊಗೆ ನೋಡಿದಳು. ಚಾಕು ಕೈಯಿಂದ ಜಾರಿತು. ಹಜಾರಕ್ಕೆ ಓಡಿ ಬಂದು ಟಿ.ವಿ.ಯ ಮುಂದೆ, ಯಾರೋ ಬಂಧು ಬಿದ್ದುಹೋದಂತೆ, ಮಂಡಿಯೂರಿ ಕೂತಳು.

"ನೆಲ ಅದುರ್ತು," ಎಂದಳು, ಮಸಿ ಹತ್ತಿದ ಪ್ಲಗ್ಗಿನ ಕಡೆಗೇ ನೋಡುತ್ತ. "ನಿಮ್ಮ ಕಾಲು ಅಂದ್ಕೊಂಡೆ."

ಮಾಸ್ತರು ಊದುವಾಗ ಬಲಗಾಲಿನಿಂದ ತಾಳ ಹಾಕುವವರು. ಬ್ಯಾಂಡಿನ ಮುಂದೆ ನಡೆದ ಕಾಲು. ಅದು ಹಲಗೆಯ ಮೇಲೆ ಬಿದ್ದರೆ ಕೆಳಗಿನ ಎರಡು ಮನೆಯ ದೀಪಗಳು ತೂಗುತ್ತಿದ್ದವು. ಆದರೆ ಕಾಲು ಎಲ್ಲಿ, ಸಿಡಿಲು ಎಲ್ಲಿ! ಈ ಒಂದು ವರ್ಷದ ಎಷ್ಟೋ ಸಂಗತಿಗಳು, ಬೀದಿಯಲ್ಲಿ ಚೆದುರಿ ನಿಂತ ಬ್ಯಾಂಡಿನವರು ಸೀಟಿ ಊದಿದೊಡನೆ ಸಾಲಾಗುವಂತೆ, ಮಾಸ್ತರ ಕಣ್ಣ ಮುಂದೆ ಒಂದರ ಹಿಂದೊಂದು ಬಂದು ನಿಂತವು. ಅವಳು ದಿನವೆಲ್ಲ ಕಿಟಕಿಯ ಹತ್ತಿರವೇ ಕುರ್ಚಿ ಹಾಕಿ ಕೂರುತ್ತಿದ್ದದ್ದು. ಆಕಾಶವನ್ನು ನೋಡುತ್ತಿದ್ದದ್ದು. ಮಾತಾಡುವಾಗ ಅವರ ಕಣ್ಣನ್ನು ಬಿಟ್ಟು ಬಾಯಿಯನ್ನು ನೋಡುತ್ತಿದ್ದದ್ದು. ಇವತ್ತು ಒಂದು ದಿನ ಈರುಳ್ಳಿ ಹೆಚ್ಚುವಾಗ ಬಿಸಿಲು ಕಣ್ಣಿಗೆ ಹೊಡೆಯಿತೆಂದು ಪರದೆ ಎಳೆದಿದ್ದಳು, ಅಷ್ಟೆ. ಆಮೇಲೆ ಮೋಡ ಕವಿದದ್ದು ಅವಳಿಗೆ ಕಾಣಲಿಲ್ಲ.

ಅಷ್ಟರಲ್ಲಿ ಮೆಟ್ಟಿಲು ದಡಬಡ ಅಂದಿತು. ದರ್ಜಿ ಮೊದಲು ಬಂದ. ಕೊರಳಲ್ಲಿ ಟೇಪು, ಕೈಯಲ್ಲಿ ಹೊಲಿಗೆ ಯಂತ್ರದ ಮೋಟರು, ಸತ್ತ ಇಲಿಯನ್ನು ಬಾಲದಿಂದ ಹಿಡಿದಂತೆ ವೈರು ಹಿಡಿದು ತೂಗಾಡಿಸಿಕೊಂಡು ತಂದಿದ್ದ. ಅವನ ಹಿಂದೆ ಕಂಪೌಂಡರು, ಅವರ ಹಿಂದೆ ಅವರ ಹೆಂಡತಿ.

"ಅಕ್ಕಾ, ಕೂಗ್ಲೇ ಇಲ್ವಲ್ಲಕ್ಕಾ!" ಎಂದ ದರ್ಜಿ.

"ಗುಡುಗಿದ್ದು ನಿನಗೆ ಕೇಳಿಸ್ಲಿಲ್ವೇನಯ್ಯಾ?" ಎಂದರು ಮಾಸ್ತರು.

"ಕೇಳಿಸ್ತು ಭಾವ. ಒಂದ್ಸಲ ಅಲ್ಲ, ಮೂರ್ನಾಲ್ಕು ಸಲ ಕೇಳಿಸ್ತು. ಅಕ್ಕ ಕೂಗಿಲ್ಲ ಅಂದ್ಮೇಲೆ ನಮ್ಮ ಕಡೇದಲ್ಲ, ಹಂಗೇ ಹಾದು ಹೋಗೋದು ಅಂತ ಕಾಲರ್ ಕೂರಿಸ್ತಾ ಇದ್ದೆ."

"ನಾನು ಪ್ಲಗ್ಗಿಗೆ ಕೈ ಹಾಕಿದ್ದೆ," ಎಂದರು ಕಂಪೌಂಡರು. "ಇವಳೇ ಬಿಡ್ಲಿಲ್ಲ. ಪ್ಲಗ್ಗಮ್ಮನಿಗಿಂತ ನಿಮಗೆ ಜಾಸ್ತಿ ಗೊತ್ತಾ ಅಂತ ಮೂದಲಿಸಿದ್ಲು. ಈಗ ನೋಡಿ, ಫ್ರಿಜ್ಜೂ ಹೋಯ್ತು, ಮೂದಲಿಕೆ ಒಂದು ಮಿಕ್ಕಿತು."

"ಅಯ್ಯೋ, ನನ್ನನ್ಯಾಕೆ ಅಂತೀರಾ?" ಕಂಪೌಂಡರ ಹೆಂಡತಿ ದನಿ ತಗ್ಗಿಸಿದಳು. ತಗ್ಗಿಸಿದರೂ ಅದು ಮೂರು ಮಹಡಿಗೆ ಸಾಕಾಗುವಂಥ ದನಿ. "ನನಗೆ ಆವಾಗ್ಲಿಂದ ಅನುಮಾನ ಇತ್ತು. ಮೊನ್ನೆ ಬಟ್ಟೆ ಒಣಹಾಕೋವಾಗ ಬೆನ್ನ ಹಿಂದೇನೇ ನಿಂತು ಎಷ್ಟು ಕೂಗಿದೆ, ತಿರುಗ್ಲೇ ಇಲ್ಲ. ಪಾಪ, ವಯಸ್ಸಾಯ್ತಲ್ವಾ. ಕಿವಿ..."

"ಇನ್ಮೇಲೆ ಆ ಕೆಲ್ಸ ನಾನೇ ನೋಡ್ಕೋತೀನಿ ಬಿಡಿ," ಎಂದರು ಕಂಪೌಂಡರು. "ಫೋನಲ್ಲೇ ಬರುತ್ತೆ ಈಗ, ಎಲ್ಲಿ ಗುಡುಗುತ್ತೆ ಅಂತ. ಅಮ್ಮಾವ್ರು ಆರಾಮಾಗಿ ಮೂಲೇಲಿ ಕೂತ್ಕೊಳ್ಲಿ."

ಮೆಟ್ಟಿಲ ದೀಪವೂ ಸತ್ತಿತ್ತು. ಮಬ್ಬಿನಲ್ಲಿ ಪ್ಲಗ್ಗಮ್ಮ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಓಡಿಸುತ್ತಿದ್ದಳು. ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಅವಳ ಬೆರಳುಗಳು ಸೆರಗಿನ ಅಂಚನ್ನು ಸುರುಳಿ ಸುತ್ತುತ್ತ ಸುತ್ತುತ್ತ, ಇನ್ನು ಸುತ್ತಲು ಜಾಗವಿಲ್ಲದಷ್ಟು ಸುತ್ತಿದ್ದವು. ಅವಳ ತುಟಿಯ ಮೇಲೆ ಒಂದು ನಗು ಇತ್ತು. ಎಲ್ಲಿ ನಗಬೇಕೋ ತಿಳಿಯದೆ ಎಲ್ಲ ಕಡೆಗೂ ಇಟ್ಟುಕೊಂಡ ನಗು. ನಾಲ್ಕು ಸಾವಿರ ಜನರ ಮುಂದೆ ಬೆವರದ ಮಾಸ್ತರಿಗೆ (ನಾಲ್ಕು ಸಾವಿರ ಎಂದರೆ ನಲವತ್ತು ಎಂದಿಟ್ಟುಕೊಳ್ಳಿ) ಅಂಗೈ ಬೆವರಿತು.

"ತುತ್ತೂರಿ!" ಎಂದು ಕಿರುಚಿದರು, ಅದನ್ನು ಎಲ್ಲರ ಮೂಗಿನ ಮುಂದೆ ಎತ್ತಿ ಹಿಡಿದು. "ನನ್ನ ತುತ್ತೂರಿ ಕಣ್ರಯ್ಯಾ! ಇವಳ ಕಿವಿಗೇನಾಗಿದೆ? ಇರುವೆ ಕೆಮ್ಮಿದ್ರೆ ಔಷಧಿ ತರೋಳು ಇವಳು. ನಾನು ಊದ್ತಾ ಇದ್ದೆ, ಕಿಟಕಿ ಬಾಗಿಲು ಹಾಕ್ಕೊಂಡು, ಶ್ವಾಸಕೋಶ ಬಾಯಿಗೆ ಬರೋ ಹಾಗೆ. ಅದರ ಮುಂದೆ ಗುಡುಗು ಯಾವ ಲೆಕ್ಕ? ಬ್ರಹ್ಮ ಬಂದು ಕೂಗಿದ್ರೂ ಕೇಳಿಸ್ತಿರ್ಲಿಲ್ಲ."

ಪ್ಲಗ್ಗಮ್ಮನ ಕಣ್ಣು ತುತ್ತೂರಿಯ ಮೇಲೆ ನಿಂತಿತು. ಆಮೇಲೆ ಗಂಡನ ಮುಖದ ಮೇಲೆ. ನೀರಲ್ಲಿ ಮುಳುಗುತ್ತಿದ್ದವಳ ಕೈಗೆ ಹಗ್ಗ ತಾಕಿದಂತೆ ಅವಳು ಆ ಹಿತ್ತಾಳೆಯನ್ನು ಹಿಡಿದುಕೊಂಡಳು.

"ಹೇಳಿ ಹೇಳಿ ಸಾಕಾಯ್ತು ನಂಗೆ!" ಎಂದಳು, ಎಲ್ಲರಿಗಿಂತ ಜೋರಾಗಿ. "ಯಾವುದು ಗುಡುಗು, ಯಾವುದು ಇವರ ಪೀಪಿ ಅಂತ ನಾನು ಹೇಗೆ ಕಂಡುಹಿಡೀಲಿ? ಮೂವತ್ತು ವರ್ಷದಿಂದ ನನ್ನ ತಲೆ ತಿಂದ್ರು, ಇವತ್ತು ಟಿ.ವಿ.ನೂ ತಿಂದ್ರು!"

ದರ್ಜಿ ಗೊಳ್ಳೆಂದು ನಕ್ಕ. ಕಂಪೌಂಡರ ಹೆಂಡತಿಯೂ ಬಾಯಿಗೆ ಸೆರಗು ಒತ್ತಿಕೊಂಡಳು. ಕಿವಿಯ ಮಾತು ಅಲ್ಲಿಗೆ ನಿಂತಿತು. ಕಂಪೌಂಡರು ಮಾತ್ರ, ಸತ್ತ ಫ್ರಿಜ್ಜಿನ ಸಂಕಟ ಇನ್ನೂ ಹಸಿಯಾಗಿದ್ದುದರಿಂದ, ಪ್ಲಗ್ಗಮ್ಮನಿಗೆ ಬೆನ್ನು ಮಾಡಿ ನಿಂತು, ಮಾಸ್ತರ ಎದೆಗೆ ಬೆರಳು ಇಟ್ಟರು.

"ಹಾಗಾದ್ರೆ ಇದು ಪೆಟ್ಟಿಗೆಗೆ ಹೋಗ್ಲಿ. ಮೋಡ ಇರೋ ಕಾಲಕ್ಕಾದ್ರೂ ಊದ್ಬೇಡಿ. ಒಪ್ಪಿಗೇನಾ?"

"ಮೋಡ ಇದ್ರೂ ಇಲ್ಲ, ಇಲ್ಲದಿದ್ರೂ ಇಲ್ಲ," ಎಂದರು ಮಾಸ್ತರು. ಅರ್ಧಂಬರ್ಧ ಮಾತು ಅವರಿಗೆ ಒಗ್ಗದು. "ಇನ್ನು ಈ ಮನೇಲಿ ತುತ್ತೂರಿ ಸದ್ದು ಕೇಳಿದ್ರೆ ನನ್ನ ಮೀಸೆ ಬೋಳಿಸಿ."

"ಅಷ್ಟೊಂದು ಬೇಡ ಭಾವ," ದರ್ಜಿಯ ನಗು ನಿಂತಿತು. "ನಂಗೆ ಅದು ಕೇಳದಿದ್ರೆ ಸಂಜೆ ಆಗಿದ್ದೇ ಗೊತ್ತಾಗಲ್ಲ."

"ಮಾತು ಅಂದ್ರೆ ಮಾತು ಕಣಯ್ಯಾ."

ಪ್ಲಗ್ಗಮ್ಮ ಎಲ್ಲರನ್ನೂ "ಹೋಗ್ಬನ್ನಿ, ಹುಷಾರಾಗಿ ಇಳೀರಿ" ಎಂದು ಕಳಿಸಿದಳು. ಕಂಪೌಂಡರ ಬೆನ್ನು ಮಾತಾಡುವ ಬಾಯಿಗಳನ್ನು ಅವಳಿಗೆ ಮರೆಮಾಡಿತ್ತು; ಏನು ತೀರ್ಮಾನವಾಯಿತೆಂದು ಅವಳು ಕೇಳಲಿಲ್ಲ. ಮಾಸ್ತರು ಹೇಳಲಿಲ್ಲ.

ಊಟವಾದ ಮೇಲೆ ಮಾಸ್ತರು ಅವಳೆದುರು ಕುರ್ಚಿ ಎಳೆದುಕೊಂಡು ಕೂತರು. ಬಾಯಿ ಕಾಣುವಂತೆ ಮೋಂಬತ್ತಿಯನ್ನು ತಮ್ಮ ಹತ್ತಿರ ಸರಿಸಿಕೊಂಡರು. "ನೋಡು, ಕಂಪೌಂಡರ ಆಸ್ಪತ್ರೆ ಬೇಡ. ದೂರದಲ್ಲಿ, ಯಾರಿಗೂ ಗೊತ್ತಾಗದ ಹಾಗೆ, ಕಿವಿ..."

ಅವಳು ಆ ಮಾತಿನವರೆಗೆ ನೋಡಿದಳು. ಆಮೇಲೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಬಿಟ್ಟಳು. ಬಾಗಿಲು ಹಾಕಿಕೊಂಡರೆ ತಟ್ಟಬಹುದು. ಇದನ್ನು ತಟ್ಟುವುದು ಎಲ್ಲಿ? ಮಾಸ್ತರು ಅವಳ ಜಡೆಯ ಗಂಟಿಗೆ ಇನ್ನೂ ಎರಡು ಮಾತು ಹೇಳಿ ಮೋಂಬತ್ತಿ ಆರಿಸಿದರು.

ನಿದ್ದೆ ಹತ್ತುವ ಹೊತ್ತಿಗೆ ಅವರಿಗೆ ಆ ಸ್ವರದ ನೆನಪಾಯಿತು. ಮೂವತ್ತು ವರ್ಷ, ಅವರು ಅಲ್ಲಿಗೆ ಬಂದು ಎಡವಿದಾಗಲೆಲ್ಲ, ಅಡಿಗೆಮನೆಯಿಂದ ಅವಳ ದನಿ ತಪ್ಪದೆ ಬರುತ್ತಿತ್ತು: "ಅಲ್ಲೇ ಒಡೀತು ನೋಡಿ." ಬ್ಯಾಂಡಿನ ಹನ್ನೆರಡು ಜನ "ಭೇಷ್ ಮಾಸ್ತರೇ" ಎಂದು ಬೆನ್ನು ತಟ್ಟಿದ ದಿನವೂ ಇವಳು ಬಿಟ್ಟವಳಲ್ಲ. ಈ ವರ್ಷ ಆ ಮಾತು ನಿಂತಿತ್ತು. ಮೊದಮೊದಲು ಅವರೇ ನಂಬಲಿಲ್ಲ. ಬರಬರುತ್ತ ಬೀದಿಯವರಿಗೆಲ್ಲ ಸಾರಿಕೊಂಡು ಬಂದಿದ್ದರು: ನೂರು ಪದಕ ಒಂದು ತೂಕ, ನನ್ನ ಹೆಂಡತಿ ಸುಮ್ಮನಿರೋದೇ ಒಂದು ತೂಕ. ದರ್ಜಿಗೆ ಹೇಳಿದ್ದರು, ಹಾಲಿನವನಿಗೆ ಹೇಳಿದ್ದರು, ದಾರಿ ತಪ್ಪಿ ವಿಳಾಸ ಕೇಳಲು ಬಂದವನಿಗೂ ಹೇಳಿದ್ದರು. ಪಾರಿವಾಳ ನಿಜವಾಗಿಯೂ ಬಂದು ಕೂತಿತ್ತೋ ಇಲ್ಲವೋ, ಅದನ್ನು ಹೇಳಬಲ್ಲ ಕಿವಿ ಒಂದೇ ಒಂದು ಇತ್ತು.

ಮಾಸ್ತರು ಮಗ್ಗುಲು ಬದಲಿಸಿದರು. ಪಕ್ಕದಲ್ಲಿ ಅವಳು ಎಚ್ಚರವಾಗಿಯೇ ಇದ್ದಳು.

ಮರುದಿನ ಸಂಜೆ ಅವಳು ಕಿಟಕಿಯ ಹತ್ತಿರ ಅಂಗಿಯ ಗುಂಡಿ ಹೊಲಿಯುತ್ತ ಕೂತಿದ್ದವಳು, ಕತ್ತೆತ್ತಿ ಗಂಡನನ್ನು ನೋಡಿದಳು. ಮಾಸ್ತರು ಕೈಕಟ್ಟಿಕೊಂಡು ಕೂತಿದ್ದರು. ಬರಿಗೈಯಲ್ಲಿ ಕೂತ ಮಾಸ್ತರೆಂದರೆ ಹಲ್ಲು ಕಿತ್ತ ಹುಲಿ.

"ಏನ್ರೀ, ಇವತ್ತು ಇಲ್ವಾ?"

ಊದಲ್ಲ ಅಂತ ನಿನ್ನೆ ಮಾತು ಕೊಟ್ಟೆನಲ್ಲೇ ಎನ್ನಬೇಕು. ನೀನು ಪಕ್ಕದಲ್ಲೇ ಇದ್ದೆ, ನಿನಗೆ ಕೇಳಿಸಲಿಲ್ಲವಾ ಎಂದ ಹಾಗಾಗುತ್ತದೆ. ಮಾಸ್ತರು ಎದ್ದರು. ಪೆಟ್ಟಿಗೆ ತೆಗೆದರು. ತುತ್ತೂರಿಯನ್ನು ಬಟ್ಟೆಯಿಂದ ಒರೆಸಿ, ಎಂದಿನಂತೆ ಕುರ್ಚಿಯ ತುದಿಯಲ್ಲಿ ಕೂತು, ತುಟಿಗೆ ಇಟ್ಟುಕೊಂಡರು. ಕೆನ್ನೆ ಉಬ್ಬಿಸಿದರು. ಬೆರಳುಗಳು ಮೂರು ಗುಂಡಿಗಳ ಮೇಲೆ ಏರಿದವು, ಇಳಿದವು. ಬಲಗಾಲು ಹಲಗೆಯ ಮೇಲೆ ಧೊಪ್ ಧೊಪ್ ಎಂದು ತಾಳ ಹಾಕಿತು. ಉಸಿರು ಮಾತ್ರ ತುತ್ತೂರಿಯೊಳಕ್ಕೆ ಬಿಡಲಿಲ್ಲ. ಒಂದು ನೊಣ ಒಳಗೆ ಮಲಗಿದ್ದರೂ ಅದರ ನಿದ್ದೆ ಕೆಡುತ್ತಿರಲಿಲ್ಲ. ಆ ಮೇಲಿನ ಸ್ವರ ಬಂದಾಗ ರೂಢಿಯಂತೆ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಬಾಗಿಸಿ, ಎಷ್ಟು ಹೊತ್ತು ಹಿಡಿಯಬೇಕೋ ಅಷ್ಟು ಹೊತ್ತು ಹಿಡಿದರು. ಕಣ್ಣು ಬಿಟ್ಟರೆ ಅವಳು ಸೂಜಿ ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು. ಅವಳ ಬರಿ ಪಾದಗಳು ಹಲಗೆಗೆ ಅಂಟಿಕೊಂಡಿದ್ದವು.

"ಚೆನ್ನಾಗಿತ್ತು," ಎಂದಳು.

ಮೂವತ್ತು ವರ್ಷದಲ್ಲಿ ಮೊದಲ ಸಲ ಬಂದ ಮಾತು. ಮಾಸ್ತರು ತುತ್ತೂರಿಯನ್ನು ಒರೆಸುವ ನೆಪದಲ್ಲಿ ತಲೆ ತಗ್ಗಿಸಿದರು. ಒರೆಸಿದರು, ಒರೆಸಿದರು, ಇನ್ನೊಂದಿಷ್ಟು ಒರೆಸಿದ್ದರೆ ಹಿತ್ತಾಳೆ ಸವೆದು ಬೆರಳು ಆಚೆ ಬರುತ್ತಿತ್ತು.

ಹೀಗೆ ದಿನಾ ಸಂಜೆ ನಡೆಯಿತು. ಕೆಳಗಿನಿಂದ ದರ್ಜಿ ಒಂದು ದಿನ ಹತ್ತಿ ಬಂದು ಬಾಗಿಲಲ್ಲಿ ನಿಂತ. "ಭಾವ, ಊದೋದು ಬಿಟ್ಟು ಕುಣಿಯೋದು ಹಿಡಿದ್ರಾ? ಮೇಲಿಂದ ಧೊಪ್ ಧೊಪ್..." ಎಂದವನು, ಉಬ್ಬಿದ ಕೆನ್ನೆ ನೋಡಿ, ಓಡಾಡುವ ಬೆರಳು ನೋಡಿ, ಮಂಡಿಯ ಮೇಲೆ ತಾಳ ಹಾಕುತ್ತಿದ್ದ ಅಕ್ಕನನ್ನು ನೋಡಿ, ಅರ್ಧದಲ್ಲೇ ನಿಂತ. ಕೊರಳಿನ ಟೇಪನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಬಂದ ಹಾಗೇ ಇಳಿದು ಹೋದ. ಲೋಕದಲ್ಲಿ ಮಾತು ನುಂಗಿದ ದರ್ಜಿ ಅವನೊಬ್ಬನೇ ಇರಬೇಕು.

ಮತ್ತೆ ಮೋಡ ಬಂದದ್ದು ಒಂದು ಮಧ್ಯಾಹ್ನ. ಮಾಸ್ತರು ಸೆಕೆ ಕಂಡು ಬೆಳಗಿನಿಂದಲೇ ತುತ್ತೂರಿ ಹಿಡಿದು ಕೂತಿದ್ದರು. ಅವಳು ಅಡಿಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಇವರ ಕಾಲು ತಾಳ ಹಾಕುತ್ತಿತ್ತು. ಊದದ ತುತ್ತೂರಿಯ ಒಂದು ಗುಣ, ಅದರೊಳಗಿಂದ ಲೋಕವೆಲ್ಲ ಕೇಳಿಸುತ್ತದೆ. ಎಲ್ಲೋ ಊರಿನ ಹೊರಗೆ, ಇನ್ನೂ ಗುಡುಗೆಂದು ಕರೆಯಲೂ ಆಗದಂಥದು, ಹೊಟ್ಟೆಯೊಳಗೆ ಮಾತಾಡಿಕೊಂಡ ಹಾಗೆ ಏನೋ ಅಂದಿತು.

ಮಾಸ್ತರ ಕಾಲು ನಿಂತಿತು.

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತು. ಅವಳು ಬಾಗಿಲಿಗೆ ಬಂದಳು. ಗಂಡನ ಕಾಲನ್ನು ನೋಡಿದಳು, ಕಿಟಕಿಯ ಕಡೆಗೆ ತಿರುಗಿದ್ದ ಅವರ ಮುಖವನ್ನು ನೋಡಿದಳು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆ ಹಿಡಿದ ಕೈಯಲ್ಲೇ ಮೆಟ್ಟಿಲ ತಲೆಗೆ ಹೋಗಿ ನಿಂತಳು.

"ಎಳೀರಿ!"

ಹಳೆಯ ದನಿ. ಗೋಡೆಯ ಸುಣ್ಣ ಉದುರುವಂಥದು. ಕೆಳಗೆ ಕುರ್ಚಿಗಳು ಜರುಗಿದವು, ಬಾಗಿಲುಗಳು ಬಡಿದವು. "ಎಳೆದೆ ಅಕ್ಕಾ!" ಎಂದು ದರ್ಜಿ ಎಂದಿಗಿಂತ ಜೋರಾಗಿ ಕೂಗಿದ. "ನನ್ನ ಫೋನು ಇನ್ನೂ ಬಿಸಿಲು ಅಂತಿದೆಯಲ್ರೀ!" ಎಂದು ಕಂಪೌಂಡರು ಗೊಣಗಿದರು, ಅವರ ಹೆಂಡತಿ "ಮೊದ್ಲು ಎಳೀರಿ, ಆಮೇಲೆ ಫೋನು ನೋಡಿ" ಎಂದದ್ದು ಮೇಲಿನವರೆಗೂ ಬಂತು. ಪ್ಲಗ್ಗಮ್ಮ ಒಳಗೆ ಬಂದು ದೀಪ ಆರಿಸಿದಳು, ಫ್ಯಾನಿನದು ಎಳೆದಳು, ಸುಟ್ಟು ಸತ್ತು ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಟಿ.ವಿ.ಯ ಪ್ಲಗ್ಗನ್ನೂ ಎಳೆದಳು. ನಿಯಮ ಅಂದರೆ ನಿಯಮ.

ಮಳೆ ಶುರುವಾಯಿತು. ಮನೆ ಕತ್ತಲಾಯಿತು. ಅವಳು ಗಂಡನ ಎದುರಿನ ಕುರ್ಚಿಯಲ್ಲಿ ಕೂತು, ಪಾದಗಳನ್ನು ಹಲಗೆಯ ಮೇಲೆ ಊರಿದಳು. ಮಾಸ್ತರು ತುತ್ತೂರಿ ಎತ್ತಿದರು. ಹೊರಗೆ ಆಕಾಶ ತನ್ನ ಪಾತ್ರೆ ಪಗಡವನ್ನೆಲ್ಲ ಮೆಟ್ಟಿಲಿಂದ ಉರುಳಿಸುತ್ತಿತ್ತು. ಒಳಗೆ ಬಲಗಾಲು ಮೊದಲಿಂದ ತಾಳ ಹಿಡಿಯಿತು. ಮಿಂಚಿದಾಗಲೆಲ್ಲ ಉಬ್ಬಿದ ಕೆನ್ನೆ, ಹಿತ್ತಾಳೆ, ಮೂರು ಬೆರಳು ಕಾಣುತ್ತಿದ್ದವು, ಮತ್ತೆ ಇರುತ್ತಿರಲಿಲ್ಲ. ಆ ಸ್ವರ ಹತ್ತಿರ ಬಂತು. ಮಾಸ್ತರು ತಲೆ ಹಿಂದಕ್ಕೆ ಬಾಗಿಸಿ, ಕಣ್ಣು ಮುಚ್ಚಿ, ಹಿಡಿದರು.

"ಅಲ್ಲೇ ಒಡೀತು ನೋಡಿ," ಎಂದಳು ಅವಳು ಕತ್ತಲಲ್ಲಿ.

ಮಾಸ್ತರು ತುತ್ತೂರಿ ಕೆಳಗಿಳಿಸಿದರು. ತುಟಿ ಒರೆಸಿಕೊಂಡರು. ಹೌದೆಂದು ತಲೆಯಾಡಿಸಿ, ಮುಂದಿನ ಮಿಂಚಿಗೆ ಕಾದು, ಅವಳಿಗೆ ಕಾಣುವಂತೆ ಅದನ್ನು ಎತ್ತಿ, ಮತ್ತೆ ಮೊದಲಿಂದ ಶುರುಮಾಡಿದರು.